ತುಕ್ಕು ಕತ್ತರಿಸುವ ಮುನ್ನ: ಹಳೆಯ ಕಾರಿನ ಅಡಿಭಾಗದ ಅಳತೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ, ಪುಣೆ ಮತ್ತು ಗೋವಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಮನೆಯ ಹಳೆಯ ಕಾರನ್ನು ಉಳಿಸಿಕೊಳ್ಳಬೇಕೆಂಬ ಹಂಬಲದವರು ಅನೇಕರಿದ್ದಾರೆ. ಅವರು ಪತ್ರದಲ್ಲಿ, ಫೋನಿನಲ್ಲಿ, ಗ್ಯಾರೇಜಿನ ಬಾಗಿಲಲ್ಲಿ ನಿಂತು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಬಣ್ಣ ಮತ್ತು ಬಿಡಿಭಾಗಗಳನ್ನು ಕುರಿತವು. ಅಳತೆಯ ಪ್ರಶ್ನೆ ಬರುವುದು ಕೆಲಸ ಅರ್ಧ ಮುಗಿದು, ಬಾಗಿಲು ಚೌಕಟ್ಟಿನಲ್ಲಿ ಕೂರದೆ ಹೋದ ಮೇಲೆ. ಅದು ಕತ್ತರಿಸುವ ಮೊದಲೇ ಬರಬೇಕಾದ ಪ್ರಶ್ನೆ. ಆದ್ದರಿಂದ ಇಲ್ಲಿ ಉತ್ತರಗಳನ್ನು ಒಟ್ಟುಗೂಡಿಸಿದ್ದೇನೆ. ಉದಾಹರಣೆಗಳು ಬಹುಪಾಲು ಪ್ರೀಮಿಯರ್ ಪದ್ಮಿನಿಯವು. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಆ ಗಾಡಿ 2023ರ ಅಕ್ಟೋಬರಿನಲ್ಲಿ ಟ್ಯಾಕ್ಸಿಯಾಗಿ ಮುಂಬಯಿಯ ರಸ್ತೆಗಳಿಂದ ಪೂರ್ತಿ ಮರೆಯಾಯಿತು. ಖಾಸಗಿಯವರ ಕೈಯಲ್ಲಿ ಉಳಿದಿರುವ ಗಾಡಿಗಳೇ ಈಗ ನಮ್ಮ ಪಾಲಿಗೆ ಇರುವುದು.

## ಮೊದಲ ಪ್ರಶ್ನೆಗಳು

ಸಾರ್, ನಮ್ಮ ತಂದೆಯವರ ಪದ್ಮಿನಿಯ ಫ್ಲೋರ್ ತುಕ್ಕು ಹಿಡಿದು ತೂತು ಬಿದ್ದಿದೆ. ಹೊಸ ಪತ್ರಾ (ತಗಡು) ಹಾಕಿ ವೆಲ್ಡ್ ಮಾಡಿಸಿದರೆ ಸಾಲದೇ? ಅಳತೆ ಏಕೆ ಬೇಕು?

ಪದ್ಮಿನಿಗೆ ಲಾರಿಗಿರುವಂತೆ ಬೇರೆಯೇ ಆದ ಚಾಸಿ, ಅಂದರೆ ಬಾಡಿಯ ಕೆಳಗಿನ ಚೌಕಟ್ಟು, ಇಲ್ಲ. ಫ್ಲೋರ್, ಎರಡು ಪಕ್ಕದ ಸಿಲ್‌ಗಳು, ಅಂದರೆ ಬಾಗಿಲುಗಳ ಕೆಳಗಿನ ಉದ್ದನೆಯ ತೊಲೆಗಳು, ಬಾಗಿಲ ಕಂಬಗಳು, ಛಾವಣಿ, ಎಂಜಿನ್ ಹಿಂದಿನ ಗೋಡೆ ಇವೆಲ್ಲ ಸೇರಿ ಒಂದೇ ಪೆಟ್ಟಿಗೆಯಾಗಿ ಭಾರ ಹೊರುತ್ತವೆ. ಅಂಬಾಸಿಡರ್ ಮತ್ತು ಮಾರುತಿ 800 ಕೂಡ ಇದೇ ಬಗೆಯ ಕಾರುಗಳು. ರಟ್ಟಿನ ಪೆಟ್ಟಿಗೆಯ ತಳದ ಅಂಟನ್ನು ಬಿಡಿಸಿದ ಕೂಡಲೇ ಅದು ಒಂದು ಪಕ್ಕಕ್ಕೆ ವಾಲುವಂತೆ, ಇಂಥ ಗಾಡಿಯ ಫ್ಲೋರ್ ಮತ್ತು ಸಿಲ್‌ಗಳನ್ನು ಕಿತ್ತಾಗ ಉಳಿದ ಭಾಗ ತನಗೆ ಹಗುರವೆನಿಸಿದ ಕಡೆಗೆ ಸರಿಯುತ್ತದೆ. ಈ ಸರಿತ ಕೆಲವೇ ಮಿಲಿಮೀಟರ್ ಇರಬಹುದು, ಕಣ್ಣಿಗೆ ಕಾಣದಿರಬಹುದು. ಆದರೆ ಹಳೆಯ ಪತ್ರಾ ಕಿತ್ತು ಹೊಸದನ್ನು ಬೆಸೆಯುವ ಹೊತ್ತಿಗೆ ಗಾಡಿ ಯಾವ ಆಕಾರದಲ್ಲಿದೆಯೋ, ಆ ಆಕಾರವನ್ನು ಹೊಸ ಪತ್ರಾ ಶಾಶ್ವತವಾಗಿ ಹಿಡಿದಿಡುತ್ತದೆ.

ಅದರ ಫಲ ನಿಧಾನವಾಗಿ ಹೊರಬೀಳುತ್ತದೆ. ಬಾಗಿಲನ್ನು ಎತ್ತಿ ಮುಚ್ಚಬೇಕಾಗುತ್ತದೆ, ಮುಂಗಾಜಿನ ರಬ್ಬರಿನಿಂದ ನೀರು ಒಳಗೆ ಬರುತ್ತದೆ, ಸ್ಟೀರಿಂಗ್ ಒಂದು ಕಡೆಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಆಗ ಸರಿಪಡಿಸಬೇಕೆಂದರೆ ಹೊಸ ವೆಲ್ಡಿಂಗನ್ನೇ ಮತ್ತೆ ಕತ್ತರಿಸಬೇಕು. ಒಂದು ದಿನ ಕೂತು ಅಳೆದು ಬರೆದಿಟ್ಟುಕೊಂಡ ಹಾಳೆ ಈ ಎಲ್ಲ ಖರ್ಚನ್ನು ತಪ್ಪಿಸುತ್ತದೆ.

ಅಡಿಭಾಗದ ಅಲೈನ್‌ಮೆಂಟ್ ಎಂದರೆ ವೀಲ್ ಅಲೈನ್‌ಮೆಂಟೇ ಅಲ್ಲವೇ? ಅದನ್ನು ಹೋದ ತಿಂಗಳಷ್ಟೇ ಮಾಡಿಸಿದ್ದೇನೆ.

ಎರಡೂ ಬೇರೆ. ವೀಲ್ ಅಲೈನ್‌ಮೆಂಟ್ ಚಕ್ರಗಳ ಕೋನವನ್ನು ನೋಡುತ್ತದೆ. ಅಡಿಭಾಗದ ಅಳತೆಯು ಆ ಚಕ್ರಗಳನ್ನು ಹಿಡಿದಿರುವ ಬಾಡಿಯ ಬಿಂದುಗಳು ತಮ್ಮ ತಮ್ಮ ಜಾಗದಲ್ಲಿವೆಯೇ ಎಂಬುದನ್ನು ನೋಡುತ್ತದೆ. ಬಾಡಿ ಸೊಟ್ಟಗಿದ್ದರೂ ಟೈ ರಾಡ್ (ಸ್ಟೀರಿಂಗನ್ನು ಚಕ್ರಕ್ಕೆ ಜೋಡಿಸುವ ಸಲಾಕೆ) ತಿರುಗಿಸಿ ಮುಂದಿನ ಚಕ್ರಗಳ ಕೋನದ ಅಳತೆಯನ್ನು ಸರಿಯಾಗಿ ತೋರಿಸಬಹುದು. ಹಿಂದಿನ ಆಕ್ಸಲ್ ಓರೆಯಾಗಿದ್ದರೆ ನಾಲ್ಕೂ ಚಕ್ರ ನೋಡುವ ಯಂತ್ರ ಅದನ್ನು ಸೂಚಿಸುತ್ತದೆ, ಆದರೆ ಓರೆಗೆ ಕಾರಣ ಸಡಿಲವಾದ ಯು ಬೋಲ್ಟೋ (ಆಕ್ಸಲ್ಲನ್ನು ಸ್ಪ್ರಿಂಗಿಗೆ ಬಿಗಿಯುವುದು), ತುಕ್ಕು ತಿಂದ ಸ್ಪ್ರಿಂಗ್ ಹ್ಯಾಂಗರೋ (ಸ್ಪ್ರಿಂಗನ್ನು ಬಾಡಿಗೆ ಹಿಡಿದಿರುವುದು) ಎಂದು ಹೇಳುವುದಿಲ್ಲ.

ನಮ್ಮ ಗಾಡಿಗೆ ಒಂದು ದಿನವೂ ಆಕ್ಸಿಡೆಂಟ್ ಆಗಿಲ್ಲ. ಆಕ್ಸಿಡೆಂಟ್ ಆಗದ ಗಾಡಿ ಸೊಟ್ಟ ಆಗುತ್ತದೆಯೇ?

ಆಗುತ್ತದೆ. ಒಳಗಿನಿಂದ ಕೊಳೆತ ಸಿಲ್ ಭಾರ ಹೊರುವುದನ್ನು ಬಿಟ್ಟಾಗ ಗಾಡಿಯ ನಡುಭಾಗ ಜೋಲುತ್ತದೆ. ಕೊಳೆತ ಜಾಗಕ್ಕೇ ವರ್ಷಗಟ್ಟಲೆ ಜ್ಯಾಕ್ ಹಾಕಿದ್ದರೆ ಅಲ್ಲಿ ಒಳಕ್ಕೆ ಕುಸಿದಿರುತ್ತದೆ. ಹಿಂದೆ ಯಾರೋ ಅಳತೆಯಿಲ್ಲದೆ ತೇಪೆ ಹಾಕಿದ್ದರೆ ಆ ವೆಲ್ಡಿಂಗೇ ಬಾಡಿಯನ್ನು ಎಳೆದಿರುತ್ತದೆ. ಮುಂಬಯಿಯ ಉಪ್ಪುಗಾಳಿಯಲ್ಲಿ ಬೆಳೆದ ಗಾಡಿಯಲ್ಲೂ, ಮಡ್‌ಗಾರ್ಡಿನ ಒಳಗೆ ಕೆಂಪು ಮಣ್ಣು ಗಟ್ಟಿಯಾಗಿ ಕೂತು ತೇವ ಹಿಡಿದಿಟ್ಟಿರುವ ಗೋವಾದ ಗಾಡಿಯಲ್ಲೂ ಇದು ಸಾಮಾನ್ಯ. ಪುಣೆಯ ಗಾಡಿ ಒಣಹವೆಯದು ಎಂದು ಸಮಾಧಾನಪಡುವವರು ಅದರ ಹಳೆಯ ದಾಖಲೆಯನ್ನು ನೋಡಬೇಕು. ಘಟ್ಟ ಹತ್ತುವ ಮೊದಲು ಅದು ಎಷ್ಟೋ ವರ್ಷ ಮುಂಬಯಿಯಲ್ಲಿ ಓಡಿರಬಹುದು.

ಟೇಪ್ ಹಿಡಿಯುವ ಮೊದಲೇ ಎರಡು ಪರೀಕ್ಷೆಗಳನ್ನು ಮಾಡಬಹುದು. ಒದ್ದೆ ನೆಲದ ಮೇಲಿಂದ ಒಣ ನೆಲಕ್ಕೆ ಗಾಡಿಯನ್ನು ನೇರವಾಗಿ ತಳ್ಳಿ ಟೈರಿನ ಗುರುತುಗಳನ್ನು ನೋಡಿ. ಹಿಂದಿನ ಗುರುತು ಮುಂದಿನದಕ್ಕಿಂತ ಎಡಬಲಗಳಲ್ಲಿ ಒಂದೇ ಪ್ರಮಾಣದಲ್ಲಿ ಒಳಗೆ ಅಥವಾ ಹೊರಗೆ ಇರಬೇಕು. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಗಾಡಿ ಓರೆಯಾಗಿ ಓಡುತ್ತಿದೆ. ಎರಡನೆಯದಾಗಿ, ಬಾಗಿಲು ಮುಚ್ಚಿ ಅದರ ಸುತ್ತಲಿನ ಸಂದನ್ನು ನೋಡಿ. ನಡು ಜೋಲಿದ ಗಾಡಿಯಲ್ಲಿ ಬಾಗಿಲಿನ ಮೇಲ್ಭಾಗದ ಸಂದು ಕಿರಿದಾಗಿ ಕೆಳಭಾಗದ್ದು ಅಗಲವಾಗುತ್ತದೆ. ಸಂದಿನ ಅಳತೆಗೆ ಡ್ರಿಲ್ ಬಿಟ್‌ಗಳ ಹಿಂಬದಿಯೇ ಸಾಕು: 4 ಮಿ.ಮೀ. ಬಿಟ್ ಸಲೀಸಾಗಿ ಹೋಗಿ 5 ಮಿ.ಮೀ. ಹೋಗದಿದ್ದರೆ ಸಂದು ಎಷ್ಟೆಂದು ತಿಳಿಯಿತು.

ಅಣ್ಣಾರ, ನಾವು ವಾಸ್ಕೋದಾಗ ಇರತೀವಿ. ನಮ್ದು ಹಳೇ ಮಹೀಂದ್ರಾ ಜೀಪ್ ಐತಿ, ಚಾಸಿ ಬ್ಯಾರೆ ಬಾಡಿ ಬ್ಯಾರೆ. ಅದಕ್ಕೂ ಇಷ್ಟೆಲ್ಲಾ ಅಳತಿ ಬೇಕೇನ್ರಿ?

ಬೇಕು, ಆದರೆ ಕ್ರಮ ಬೇರೆ. ಜೀಪಿನ ಚಾಸಿ ಏಣಿಯ ಆಕಾರದ್ದಾದ್ದರಿಂದ ಬಾಡಿಯ ಪತ್ರಾ ಕಿತ್ತರೂ ಅದು ಜೋಲುವುದಿಲ್ಲ. ಅಲ್ಲಿ ಮೊದಲು ಚಾಸಿಯನ್ನೇ ಅಳೆಯಬೇಕು. ಅಡ್ಡಪಟ್ಟಿಗಳ ರಿವೆಟ್‌ಗಳು ಮತ್ತು ಸ್ಪ್ರಿಂಗ್ ಹ್ಯಾಂಗರ್‌ಗಳು ಅದಕ್ಕೆ ಒಳ್ಳೆಯ ಬಿಂದುಗಳು. ಚಾಸಿ ಸರಿಯಿದೆ ಎಂದು ಖಚಿತವಾದ ಮೇಲೆ, ಬಾಡಿ ಎತ್ತುವ ಮೊದಲು, ಪ್ರತಿಯೊಂದು ಬಾಡಿ ಬೋಲ್ಟಿನ ಕೆಳಗೆ ಎಷ್ಟು ವಾಷರ್, ಎಷ್ಟು ದಪ್ಪದ ರಬ್ಬರ್ ಇದೆ ಎಂದು ಬರೆದಿಟ್ಟುಕೊಳ್ಳಿ. ಕಾರ್ಖಾನೆಯಲ್ಲಿ ಬಾಗಿಲು, ಬಾನೆಟ್ ಕೂರಿಸಲು ಆ ವಾಷರ್‌ಗಳನ್ನೇ ಹೆಚ್ಚುಕಡಿಮೆ ಮಾಡಿರುತ್ತಾರೆ. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಪ್ರತ್ಯೇಕ ಚಾಸಿ ಇದೆ. ಫೋಕ್ಸ್‌ವ್ಯಾಗನ್ ಬೀಟಲ್ ನಡುವಿನ ಬಗೆಯದು: ಅದರ ಫ್ಲೋರ್ ಬಿಚ್ಚಿ ತೆಗೆಯುವಂಥದ್ದಾದರೂ ಪಕ್ಕದ ಹೀಟರ್ ಕೊಳವೆಗಳು ಭಾರ ಹೊರುವ ಭಾಗಗಳಾದ್ದರಿಂದ ಅದನ್ನು ಪದ್ಮಿನಿಯಷ್ಟೇ ಜಾಗ್ರತೆಯಿಂದ ಅಳೆಯಬೇಕು.

## ತಯಾರಿ

ಏನೇನು ಸಾಮಾನು ಬೇಕು? ದೊಡ್ಡ ಮೆಷಿನ್ ಇಲ್ಲದೆ ಈ ಕೆಲಸ ಆಗುತ್ತದೆಯೇ?

ಆಗುತ್ತದೆ. ಐದು ಮೀಟರಿನ ಒಳ್ಳೆಯ ಉಕ್ಕಿನ ಟೇಪು, ಗಾರೆ ಕೆಲಸದವರು ಬಳಸುವ ತೂಕದ ಗುಂಡು, ತೆಳು ನೈಲಾನ್ ದಾರ, ಬಣ್ಣದ ಪುಡಿ ಹಚ್ಚಿದ ಗುರುತಿನ ದಾರ, ಹತ್ತು ಮೀಟರ್ ಪಾರದರ್ಶಕ ನೀರಿನ ಪೈಪು, ಮಾಸ್ಕಿಂಗ್ ಟೇಪು, ಚೂಪಾದ ಪೆನ್ಸಿಲ್ಲು ಮತ್ತು ನಾಲ್ಕು ಗಟ್ಟಿ ಸ್ಟ್ಯಾಂಡ್‌ಗಳು ಸಾಕು. ಮುಂಬಯಿಯ ನಾಗದೇವಿ ಸ್ಟ್ರೀಟಿನಲ್ಲಿ, ಪುಣೆಯ ಬೋಹರಿ ಆಳಿಯಲ್ಲಿ ಇವೆಲ್ಲ ಒಂದೇ ಸುತ್ತಿನಲ್ಲಿ ಸಿಗುತ್ತವೆ. ಇದರ ಜೊತೆಗೆ ಟ್ರ್ಯಾಮ್ ಗೇಜ್ ಇದ್ದರೆ ಅನುಕೂಲ. ಅದು ಎರಡು ಮೊನೆಗಳು ಜಾರುವ ಉದ್ದನೆಯ ಕೋಲು. ಗೇರ್‌ಬಾಕ್ಸು, ಸೈಲೆನ್ಸರ್ ಪೈಪು ಅಡ್ಡ ಬಂದು ಟೇಪು ನೇರವಾಗಿ ನಿಲ್ಲದ ಕಡೆ ಅದನ್ನು ಬಳಸಬಹುದು. ಒಳಗೊಂದು ಹೊರಗೊಂದು ಜಾರುವ ಅಲ್ಯೂಮಿನಿಯಂ ಕೊಳವೆಗಳಿಂದ ಫ್ಯಾಬ್ರಿಕೇಶನ್‌ನವರೇ ಮಾಡಿಕೊಡುತ್ತಾರೆ.

ಟೇಪಿನ ತುದಿಯ ಕೊಕ್ಕೆ ಸ್ವಲ್ಪ ಅಲುಗಾಡುವಂತೆಯೇ ತಯಾರಾಗಿರುತ್ತದೆ. ಮರಗೆಲಸಕ್ಕೆ ಅದು ಸರಿ, ನಮ್ಮ ಕೆಲಸಕ್ಕಲ್ಲ. ಆದ್ದರಿಂದ 100 ಮಿ.ಮೀ. ಗೆರೆಯನ್ನು ಬಿಂದುವಿಗೆ ಹಿಡಿದು, ಬಂದ ಅಳತೆಯಿಂದ 100 ಕಳೆಯುವ ಅಭ್ಯಾಸ ಮಾಡಿಕೊಳ್ಳಿ. ಕೆಲಸ ಮುಗಿಯುವವರೆಗೆ ಒಂದೇ ಟೇಪನ್ನು ಬಳಸಿ, ಅದನ್ನು ಗ್ಯಾರೇಜಿನ ಹುಡುಗರ ಕೈಗೆ ಕೊಡದೆ ಬೇರೆಯಾಗಿ ಇಡಿ.

ನಮ್ಮ ಸೊಸೈಟಿಯ ಪಾರ್ಕಿಂಗ್ ನೆಲ ಇಳಿಜಾರು ಉಂಟು ಮಾರಾಯ್ರೇ. ಅಲ್ಲಿ ಅಳೆದರೆ ಆದೀತಾ?

ಆದೀತು. ಮಳೆನೀರು ಹರಿದುಹೋಗಲೆಂದು ಪಾರ್ಕಿಂಗ್ ನೆಲವನ್ನು ಬೇಕೆಂದೇ ಇಳಿಜಾರಾಗಿ ಹಾಕಿರುತ್ತಾರೆ. ಹೆಚ್ಚಿನ ಗ್ಯಾರೇಜುಗಳ ನೆಲವೂ ಸಮವಲ್ಲ. ನೆಲವನ್ನು ನಂಬದೆ ನೀರನ್ನು ನಂಬಬೇಕು. ಪಾರದರ್ಶಕ ಪೈಪಿಗೆ ನಾಲ್ಕು ಹನಿ ಶಾಯಿ ಬೆರೆಸಿದ ನೀರು ತುಂಬಿ, ಒಳಗೆ ಒಂದು ಗುಳ್ಳೆಯೂ ಉಳಿಯದಂತೆ ನೋಡಿಕೊಂಡು, ಎರಡೂ ತುದಿಗಳನ್ನು ತೆರೆದಿಟ್ಟರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಗಾಡಿಯ ನಾಲ್ಕು ಮೂಲೆಗಳ ಹತ್ತಿರ ಒಂದೊಂದು ಮರದ ಕಂಬ ನಿಲ್ಲಿಸಿ, ಆ ಮಟ್ಟವನ್ನು ಪ್ರತಿ ಕಂಬದ ಮೇಲೂ ಗುರುತಿಸಿ, ಗುರುತಿನಿಂದ ಗುರುತಿಗೆ ದಾರ ಬಿಗಿಯಿರಿ. ಈ ದಾರಗಳು ಇರುವ ಸಮತಲವೇ ನಿಮ್ಮ ಆಧಾರ ಮಟ್ಟ. ಎತ್ತರದ ಅಳತೆಗಳನ್ನೆಲ್ಲ ಇಲ್ಲಿಂದಲೇ ತೆಗೆಯಬೇಕು, ನೆಲದಿಂದಲ್ಲ. ಪೈಪಿನ ಒಂದು ಭಾಗ ಬಿಸಿಲಲ್ಲಿ, ಇನ್ನೊಂದು ನೆರಳಲ್ಲಿ ಇರಬಾರದು.

ಕಾರನ್ನು ಜ್ಯಾಕ್ ಮೇಲೆ ಎತ್ತಿ ಅಳೆಯಬೇಕೇ, ಚಕ್ರದ ಮೇಲೆಯೇ ನಿಂತಿರಬೇಕೇ?

ಮೊದಲ ಅಳತೆ ಚಕ್ರದ ಮೇಲೆ ನಿಂತಾಗಲೇ ಆಗಲಿ. ಬಾಗಿಲುಗಳ ಸಂದು, ಬಾಗಿಲ ಚೌಕಟ್ಟುಗಳ ಕರ್ಣ, ಎಡಬಲಗಳ ವೀಲ್‌ಬೇಸ್ (ಮುಂದಿನ ಚಕ್ರದ ನಡುವಿನಿಂದ ಹಿಂದಿನದರ ನಡುವಿಗಿರುವ ದೂರ) ಇವನ್ನು ಗಾಡಿಯನ್ನು ಮುಟ್ಟುವ ಮೊದಲೇ ಬರೆದುಕೊಳ್ಳಿ. ಪದ್ಮಿನಿಯ ವೀಲ್‌ಬೇಸ್ 2340 ಮಿ.ಮೀ. ಸ್ಟೀರಿಂಗ್ ನೇರವಾಗಿಟ್ಟು ಎರಡೂ ಪಕ್ಕ ಅಳೆದು, ಎರಡರ ನಡುವಿನ ವ್ಯತ್ಯಾಸಕ್ಕೆ ಹೆಚ್ಚಿನ ಗಮನ ಕೊಡಿ.

ನಂತರ ಎತ್ತುವಾಗ ಭಾರವು ರಸ್ತೆಯ ಮೇಲೆ ಬೀಳುವ ದಾರಿಯಲ್ಲೇ ಬೀಳಬೇಕು. ಹಿಂದೆ ಆಕ್ಸಲ್ಲಿನ ಕೆಳಗೆ, ಮುಂದೆ ಸಸ್ಪೆನ್ಷನ್ ಹಿಡಿದಿರುವ ಅಡ್ಡ ಮೆಂಬರಿನ (ಅಡ್ಡ ತೊಲೆಯ) ಕೆಳಗೆ ಸ್ಟ್ಯಾಂಡ್ ಇಡಿ. ಸಿಲ್ಲಿನ ಕೆಳಗಿನ ಜ್ಯಾಕ್ ಜಾಗಕ್ಕೆ ಸ್ಟ್ಯಾಂಡ್ ಇಟ್ಟರೆ ಕೊಳೆತ ಸಿಲ್ ಕುಸಿಯಬಹುದು. ಕುಸಿಯದಿದ್ದರೂ ಗಾಡಿಯ ಎರಡು ತುದಿಗಳು ಕೆಳಗೆ ಬಾಗಿ ನಿಮ್ಮ ಅಳತೆಯೇ ಸುಳ್ಳಾಗುತ್ತದೆ. ಎತ್ತಿದ ಮೇಲೆ ಬಾಗಿಲಿನ ಸಂದನ್ನು ಮತ್ತೆ ಅಳೆಯಿರಿ. ಸಂದು ಬದಲಾಗಿದ್ದರೆ ಬಾಡಿ ತನ್ನ ಬಿಗಿತವನ್ನು ಕಳೆದುಕೊಂಡಿದೆ, ಬ್ರೇಸ್ (ಆಕಾರ ಕೆಡದಂತೆ ತಾತ್ಕಾಲಿಕವಾಗಿ ಬಿಗಿಯುವ ಆಧಾರದ ಕೊಳವೆ) ಹಾಕದೆ ಏನನ್ನೂ ಕತ್ತರಿಸಬಾರದು. ಇಟ್ಟಿಗೆ, ಮರದ ತುಂಡು, ಬರಿಯ ಜ್ಯಾಕ್ ಇವುಗಳ ಭರವಸೆಯ ಮೇಲೆ ಯಾರೂ ಗಾಡಿಯ ಕೆಳಗೆ ಹೋಗಬಾರದು. ಗಾಡಿ ಸ್ಟ್ಯಾಂಡಿನ ಮೇಲೆ ಕೂತ ಮೇಲೆ ಕೈಯಿಂದ ಜೋರಾಗಿ ಅಲುಗಿಸಿ ನೋಡಿ, ಅಲುಗದಿದ್ದರೆ ಮಾತ್ರ ಕೆಳಗೆ ಇಳಿಯಿರಿ.

## ಅಳೆಯುವ ಕೆಲಸ

ಯಾವ ಯಾವ ಜಾಗದಿಂದ ಅಳೆಯಬೇಕು? ಎಲ್ಲ ಕಡೆ ತುಕ್ಕೇ ಇದೆಯಲ್ಲ!

ಎಲ್ಲ ಕಡೆ ಇರುವುದಿಲ್ಲ. ಸಸ್ಪೆನ್ಷನ್ ಬೋಲ್ಟು ಕೂರುವ ಜಾಗಗಳಲ್ಲಿ ಪತ್ರಾ ದಪ್ಪವಿರುತ್ತದೆ, ಎಂಜಿನ್ ಎಣ್ಣೆ ಚಿಮ್ಮುವ ಮುಂಭಾಗ ಬಹಳ ಸಲ ಚೆನ್ನಾಗಿಯೇ ಉಳಿದಿರುತ್ತದೆ. ಮೊದಲು ತಂತಿಬ್ರಷ್ಷಿನಿಂದ ಹಳೆಯ ಡಾಂಬರು ಲೇಪ ಕೆರೆದು, ಚಿಕ್ಕ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಜಾಗದ ಸದ್ದು ಕಣ್‌ಕಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿರುತ್ತದೆ. ಹೀಗೆ ಗಟ್ಟಿಯೆಂದು ತೀರ್ಮಾನವಾದ, ಎಡಕ್ಕೂ ಬಲಕ್ಕೂ ಜೋಡಿಯಾಗಿರುವ ಬಿಂದುಗಳನ್ನು ಆರಿಸಿ: ಮುಂದಿನ ಅಡ್ಡ ಮೆಂಬರಿನ ಬೋಲ್ಟುಗಳು, ಗೇರ್‌ಬಾಕ್ಸ್ ಹಿಡಿದಿರುವ ಅಡ್ಡಪಟ್ಟಿಯ ಬೋಲ್ಟುಗಳು, ಹಿಂದಿನ ಲೀಫ್ ಸ್ಪ್ರಿಂಗಿನ ಮುಂದಿನ ಮತ್ತು ಹಿಂದಿನ ಹ್ಯಾಂಗರ್‌ಗಳು, ಕಾರ್ಖಾನೆಯಲ್ಲಿ ಕೊರೆದ ದುಂಡನೆಯ ತೂತುಗಳು. ಸ್ಟೀರಿಂಗ್ ಬಾಕ್ಸಿನ ಬೋಲ್ಟು, ಸೈಲೆನ್ಸರ್ ನೇತುಹಾಕುವ ಕಿವಿ ಮೊದಲಾದವು ಒಂದೇ ಪಕ್ಕಕ್ಕಿರುವಂಥವು. ಅವನ್ನು ಎಡಬಲ ಹೋಲಿಕೆಗೆ ತೆಗೆದುಕೊಳ್ಳಬಾರದು.

ತೂತಿನ ನಡುವನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಎರಡೂ ತೂತು ಒಂದೇ ಗಾತ್ರದವಾದರೆ ಎರಡರಲ್ಲೂ ಒಂದೇ ದಿಕ್ಕಿನ ಅಂಚಿನಿಂದ ಅಂಚಿಗೆ ಅಳೆದರೆ ಸಾಕು. ಗಾತ್ರ ಬೇರೆಯಾದರೆ ಒಳ ಅಂಚಿನಿಂದ ಒಳ ಅಂಚಿಗೆ ಒಮ್ಮೆ, ಹೊರ ಅಂಚಿನಿಂದ ಹೊರ ಅಂಚಿಗೆ ಒಮ್ಮೆ ಅಳೆದು ಸರಾಸರಿ ತೆಗೆಯಿರಿ. ಒಳ ಅಳತೆ 842, ಹೊರ ಅಳತೆ 866 ಬಂದರೆ ನಡುವಿನಿಂದ ನಡುವಿಗೆ 854 ಮಿ.ಮೀ.

ತೂಕದ ಗುಂಡಿನಿಂದ ನೆಲದ ಮೇಲೆ ಗುರುತು ಹಾಕುತ್ತಾರಂತೆ. ಅದನ್ನು ಹೇಗೆ ಮಾಡುವುದೆಂದು ವಿವರವಾಗಿ ಹೇಳಿ.

ಈ ಕೆಲಸದಲ್ಲಿ ನನಗೆ ಅತ್ಯಂತ ನಂಬಿಕೆಯಿರುವ ವಿಧಾನವೆಂದರೆ ಇದೇ, ಏಕೆಂದರೆ ಗಾಡಿಯ ಇಡೀ ನಕ್ಷೆ ನೆಲದ ಮೇಲೆ ಇಳಿಯುತ್ತದೆ ಮತ್ತು ಅದನ್ನು ಯಾರು ಬೇಕಾದರೂ ಮತ್ತೆ ಅಳೆದು ನೋಡಬಹುದು.

ಬಾಡಿಯ ಮೇಲಿನ ಮೂರು ಗಟ್ಟಿ ಬಿಂದುಗಳನ್ನು ಆಧಾರ ಮಟ್ಟದಿಂದ ಎಷ್ಟೆತ್ತರದಲ್ಲಿವೆಯೆಂದು ನೋಡಿಕೊಂಡು, ಸ್ಟ್ಯಾಂಡಿನ ಕೆಳಗೆ ತೆಳು ಉಕ್ಕಿನ ತಗಡುಗಳನ್ನಿಟ್ಟು ಅವನ್ನು ಬೇಕಾದ ಮಟ್ಟಕ್ಕೆ ತನ್ನಿ. ಸಾಮಾನ್ಯವಾಗಿ ಮುಂದಿನ ಒಂದು ಜೋಡಿ ಮತ್ತು ಹಿಂದಿನ ಒಂದು ಬಿಂದುವನ್ನು ಆರಿಸಿಕೊಳ್ಳುತ್ತಾರೆ. ಮುಂದಿನ ಎರಡೂ ಒಂದೇ ಎತ್ತರಕ್ಕೆ ಬರಬೇಕು; ಹಿಂದಿನದು ಮುಂದಿನವುಗಳಷ್ಟೇ ಎತ್ತರದಲ್ಲಿರಬೇಕಿಲ್ಲ, ಆದರೆ ಅದರ ಎತ್ತರವನ್ನು ಬರೆದಿಟ್ಟು ಕೆಲಸ ಮುಗಿಯುವವರೆಗೂ ಅಷ್ಟಕ್ಕೇ ಉಳಿಸಿಕೊಳ್ಳಬೇಕು. ಮೂರು ಬಿಂದುಗಳು ಒಂದು ಸಮತಲವನ್ನು ನಿಶ್ಚಯಿಸುತ್ತವೆ. ಹಿಂದಿನ ಜೋಡಿಯ ಉಳಿದ ಇನ್ನೊಂದು ಬಿಂದು ತನ್ನ ಜೊತೆಯದಕ್ಕಿಂತ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೋ, ಅದೇ ಬಾಡಿಯ ತಿರುಚು. ನಾಲ್ಕನ್ನೂ ಒತ್ತಾಯದಿಂದ ಸಮ ಮಾಡಲು ಹೋದರೆ ಈ ತಿರುಚು ಕಾಣದೆ ಹೋಗುತ್ತದೆ.

ಆಮೇಲೆ ಪ್ರತಿ ಬಿಂದುವಿನ ಕೆಳಗೆ ನೆಲವನ್ನು ಒರೆಸಿ, ಅಂಗೈಯಗಲ ಮಾಸ್ಕಿಂಗ್ ಟೇಪು ಅಂಟಿಸಿ. ಬಿಂದುವಿನ ನಡುವಿನಿಂದ ಗುಂಡನ್ನು ಇಳಿಬಿಟ್ಟು, ಮೊನೆ ನೆಲದಿಂದ ಒಂದೆರಡು ಮಿಲಿಮೀಟರ್ ಮೇಲೆ ನಿಲ್ಲುವಂತೆ ದಾರವನ್ನು ಬಿಗಿಯಿರಿ. ಫ್ಯಾನ್ ಆರಿಸಿ, ಗಾಳಿ ಬರುವ ಬಾಗಿಲು ಮುಚ್ಚಿ. ಗುಂಡು ತೂಗುವುದನ್ನು ನಿಲ್ಲಿಸಲು ಬೆರಳ ತುದಿಯಿಂದ ಮೆಲ್ಲಗೆ ತಡೆದು ಬಿಟ್ಟು, ಅದು ತಾನಾಗಿ ನಿಂತ ಮೇಲೆ ಮೊನೆಯ ಕೆಳಗೆ ಕೂಡುಗೆರೆ (+) ಹಾಕಿ, ಪಕ್ಕದಲ್ಲಿ ಬಿಂದುವಿನ ಹೆಸರು ಮತ್ತು ಆಧಾರ ಮಟ್ಟದಿಂದ ಅದರ ಎತ್ತರ ಬರೆಯಿರಿ. ಗುರುತನ್ನು ನಿಂತು ಓರೆಯಿಂದ ನೋಡಬೇಡಿ. ನೆಲಕ್ಕೆ ಕೆನ್ನೆ ತಾಗುವಷ್ಟು ಬಗ್ಗಿ, ಎರಡು ದಿಕ್ಕುಗಳಿಂದ ನೋಡಿ ಹಾಕಿ. ಮುಗಿದ ಮೇಲೆ ಬೇರೊಬ್ಬರಿಂದ ಎರಡು ಮೂರು ಬಿಂದುಗಳನ್ನು ಮತ್ತೆ ಹಾಕಿಸಿ. ಎರಡು ಗುರುತುಗಳ ನಡುವೆ ಒಂದು ಮಿಲಿಮೀಟರಿಗಿಂತ ಹೆಚ್ಚು ಅಂತರವಿದ್ದರೆ ಕೈ ಇನ್ನೂ ಪಳಗಿಲ್ಲ.

ಗುರುತುಗಳು ಮುಗಿದ ಮೇಲೆ ಪ್ರತಿ ಜೋಡಿಯ ಅಗಲವನ್ನು ಅರ್ಧ ಮಾಡಿ ನಡುಬಿಂದು ಹಾಕಿ. ಮುಂದಿನ ಗಟ್ಟಿ ಜೋಡಿಯ ನಡುಬಿಂದುವಿನಿಂದ ಹಿಂದಿನ ಗಟ್ಟಿ ಜೋಡಿಯ ನಡುಬಿಂದುವಿಗೆ ಬಣ್ಣದ ದಾರ ಬಿಗಿದು ಮೀಟಿದರೆ ಗಾಡಿಯ ಮಧ್ಯರೇಖೆ ನೆಲದ ಮೇಲೆ ಮೂಡುತ್ತದೆ. ಉಳಿದ ಜೋಡಿಗಳ ನಡುಬಿಂದುಗಳು ಆ ಗೆರೆಯ ಮೇಲೆ ಬೀಳಬೇಕು. ಒಂದು ಜೋಡಿ ಮಾತ್ರ ಪಕ್ಕಕ್ಕೆ ಸರಿದಿದ್ದರೆ ತೊಂದರೆ ಅಲ್ಲಿಯದು. ಒಂದು ಜಾಗದಿಂದಾಚೆ ಎಲ್ಲವೂ ಸರಿಯುತ್ತಾ ಹೋದರೆ ಗಾಡಿ ಆ ಜಾಗದಲ್ಲಿ ಬಗ್ಗಿದೆ.

ಟೇಪು ಹಿಡಿದು ಬಿಂದುವಿನಿಂದ ಬಿಂದುವಿಗೆ ಅಳೆದದ್ದೂ ನೆಲದ ಮೇಲಿನ ಅಳತೆಯೂ ತಾಳೆಯಾಗುತ್ತಿಲ್ಲ. ಯಾವುದು ಸರಿ?

ಎರಡೂ ಸರಿ, ಅವು ಬೇರೆ ಬೇರೆ ಅಳತೆಗಳು. ಒಂದು ಬಿಂದು ಇನ್ನೊಂದಕ್ಕಿಂತ ಎತ್ತರದಲ್ಲಿದ್ದರೆ ಟೇಪು ಓರೆಯಾಗಿ ನಿಲ್ಲುತ್ತದೆ, ಓರೆಯ ಉದ್ದ ಹೆಚ್ಚು. ನೆಲದ ಮೇಲೆ 1000 ಮಿ.ಮೀ. ದೂರವಿರುವ ಎರಡು ಬಿಂದುಗಳ ಎತ್ತರದಲ್ಲಿ 150 ಮಿ.ಮೀ. ವ್ಯತ್ಯಾಸವಿದ್ದರೆ ಟೇಪು 1011 ತೋರಿಸುತ್ತದೆ. ಕಂಪನಿಯ ಚಿತ್ರಗಳಲ್ಲಿ ಎರಡೂ ಬಗೆ ಕಾಣಸಿಗುತ್ತವೆ. ಆದ್ದರಿಂದ ಹಾಳೆಯ ಮೇಲೆ ಪ್ರತಿ ಅಂಕಿಯ ಪಕ್ಕ ‘ನೆಲ’ ಅಥವಾ ‘ಓರೆ’ ಎಂದು ಬರೆಯದೆ ಬಿಡಬೇಡಿ.

## ಲೆಕ್ಕ ಮತ್ತು ತೀರ್ಮಾನ

ಎರಡೂ ಕರ್ಣ ಸಮ ಬಂದವು. ಅಂದ ಮೇಲೆ ಗಾಡಿ ಸರಿ ಇದೆ ಎಂದೇ ಅರ್ಥವಲ್ಲವೇ?

ಅಷ್ಟರಿಂದಲೇ ಹೇಳಲಾಗದು. ಕರ್ಣದ ಅಳತೆ ಒಂದು ದೋಷವನ್ನು ಬಹಳ ಚೆನ್ನಾಗಿ ಹಿಡಿಯುತ್ತದೆ: ಒಂದು ಪಕ್ಕ ಇನ್ನೊಂದಕ್ಕಿಂತ ಮುಂದೆ ಸರಿದಿರುವುದು. 900 ಮಿ.ಮೀ. ಅಗಲ, 2000 ಮಿ.ಮೀ. ಉದ್ದದ ಆಯತದಲ್ಲಿ ಎಡಪಕ್ಕ 5 ಮಿ.ಮೀ. ಮುಂದೆ ಹೋಗಿದ್ದರೆ ಕರ್ಣಗಳ ನಡುವೆ ಸುಮಾರು 9 ಮಿ.ಮೀ. ವ್ಯತ್ಯಾಸ ಬರುತ್ತದೆ. ದೋಷ ಹೆಚ್ಚುಕಡಿಮೆ ಇಮ್ಮಡಿಯಾಗಿ ಕಾಣುವುದರಿಂದಲೇ ಡೆಂಟರ್‌ಗಳಿಗೆ (ಬಾಡಿ ಕೆಲಸದವರಿಗೆ) ಕರ್ಣದ ಮೇಲೆ ಅಷ್ಟು ಪ್ರೀತಿ.

ಆದರೆ ಹಿಂಭಾಗದ ಎರಡೂ ಹ್ಯಾಂಗರ್ ಒಳಕ್ಕೆ ಸಮವಾಗಿ ಸರಿದಿದ್ದರೆ ಕರ್ಣಗಳು ಸಮವಾಗಿಯೇ ಇರುತ್ತವೆ. ಅದನ್ನು ಅಗಲದ ಅಳತೆ ಮಾತ್ರ ಹಿಡಿಯುತ್ತದೆ. ನಡು ಜೋಲಿದ್ದರೂ ಕರ್ಣಗಳು ಸಮ. ಅದನ್ನು ಎತ್ತರದ ಅಳತೆ ಹಿಡಿಯುತ್ತದೆ. ಬಾಡಿ ತಿರುಚಿಕೊಂಡಿದ್ದರೂ ನೆಲದ ಮೇಲಿನ ಕರ್ಣಗಳಲ್ಲಿ ಅದು ಕಾಣುವುದಿಲ್ಲ. ತುಕ್ಕು ಹಿಡಿದ ಗಾಡಿಗಳಲ್ಲಿ ಪಕ್ಕ ಸರಿಯುವುದಕ್ಕಿಂತ ಜೋಲುವುದು, ತಿರುಚುವುದು ಹೆಚ್ಚು. ಕರ್ಣ ನೋಡಿ ಸಮಾಧಾನಪಟ್ಟು ಕತ್ತರಿ ಎತ್ತಿಕೊಳ್ಳುವ ಅಭ್ಯಾಸ ಅಪಘಾತದ ಗಾಡಿಗಳ ಕೆಲಸದಿಂದ ಬಂದದ್ದು. ತುಕ್ಕಿನ ಗಾಡಿಗೆ ಅದು ಸಾಲದು.

ಎಷ್ಟು ಮಿಲಿಮೀಟರ್ ವ್ಯತ್ಯಾಸ ಬಂದರೆ ಚಿಂತೆ ಮಾಡಬೇಕು?

ಇಂದಿನ ಬಾಡಿ ರಿಪೇರಿಯಲ್ಲಿ 3 ಮಿ.ಮೀ. ಒಳಗಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಒಪ್ಪುತ್ತಾರೆ. ಹಳೆಯ ಗಾಡಿಗಳು ಹೊಸದಾಗಿದ್ದಾಗಲೂ ಅಷ್ಟು ಕರಾರುವಾಕ್ಕಾಗಿ ತಯಾರಾಗುತ್ತಿರಲಿಲ್ಲ. ನನ್ನ ಅಭಿಪ್ರಾಯದಲ್ಲಿ ಸಸ್ಪೆನ್ಷನ್ ಬಿಂದುಗಳಿಗೆ 3 ಮಿ.ಮೀ. ಗಡಿಯನ್ನೇ ಇಟ್ಟುಕೊಳ್ಳಬೇಕು, ಉಳಿದ ಕಡೆ 5 ಮಿ.ಮೀ. ತನಕ ಸಹಿಸಬಹುದು. ಅಂಕಿಗಿಂತಲೂ ಮುಖ್ಯವಾದದ್ದು ಅದಕ್ಕೆ ಸಾಕ್ಷಿ ಇದೆಯೇ ಎಂಬುದು. ಹಿಂದಿನ ಎಡ ಹ್ಯಾಂಗರ್ 4 ಮಿ.ಮೀ. ಕೆಳಗಿದ್ದು, ಅದೇ ಪಕ್ಕದ ಹಿಂಬಾಗಿಲಿನ ಸಂದೂ ಕೆಟ್ಟಿದ್ದು, ಅಲ್ಲಿಯೇ ಸಿಲ್ ಕೊಳೆತಿದ್ದರೆ ಆ 4 ಮಿ.ಮೀ. ನಿಜವಾದ ದೋಷ. ಬಾಗಿಲುಗಳು ಚೆನ್ನಾಗಿ ಕೂತು, ಗಾಡಿ ನೇರ ಓಡುತ್ತಿದ್ದು, ಪತ್ರಾ ಗಟ್ಟಿಯಿದ್ದರೆ ಅದೇ 4 ಮಿ.ಮೀ. ಕಾರ್ಖಾನೆಯಿಂದಲೇ ಬಂದಿರಬಹುದು, ಅದನ್ನು ಬರೆದಿಟ್ಟುಕೊಂಡು ಹಾಗೆಯೇ ಬಿಡಿ.

ನಮ್ಮ ಗಾಡಿಗೆ ಕಂಪನಿಯ ಅಳತೆಯ ಚಿತ್ರ ಎಲ್ಲಿಯೂ ಸಿಗುತ್ತಿಲ್ಲ. ಹಾಗಾದರೆ ಯಾವುದಕ್ಕೆ ಹೋಲಿಸುವುದು?

ಮೊದಲು ಗಾಡಿಯ ಎಡವನ್ನು ಅದರ ಬಲಕ್ಕೆ ಹೋಲಿಸಿ. ಎರಡೂ ಪಕ್ಕ ಒಂದೇ ರೀತಿ ಕೊಳೆಯುವುದು ಅಪರೂಪ. ಮಳೆಯಲ್ಲಿ ನಿಲ್ಲುವ ಗಾಡಿಯಲ್ಲಿ ನೀರು ತಗ್ಗಿದ್ದ ಕಡೆಗೇ ಹರಿದು ನಿಲ್ಲುತ್ತದೆ. ಹೀಗಾಗಿ ಒಂದು ಪಕ್ಕ ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ. ಎರಡೂ ಪಕ್ಕ ಕೆಟ್ಟಿದ್ದರೆ ಅದೇ ಮಾದರಿಯ ಗಟ್ಟಿ ಗಾಡಿಯೊಂದನ್ನು ಹುಡುಕಿ ಎತ್ತರದ ಅಳತೆಗಳನ್ನು ತೆಗೆದುಕೊಳ್ಳಿ. ಪದ್ಮಿನಿ ಮತ್ತು ಅಂಬಾಸಿಡರ್‌ಗಳಿಗೆ ಇದು ಇಂದಿಗೂ ಸಾಧ್ಯ. ಮಾದರಿಯ ವರ್ಷ ಹತ್ತಿರವಿರಲಿ, ಆ ಗಾಡಿಯೂ ತೇಪೆ ಹಾಕಿಸಿಕೊಂಡಿಲ್ಲವೆಂದು ನೋಡಿಕೊಳ್ಳಿ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಸಾಲದೇ ಎಂದು ಕೆಲವರು ಕೇಳುತ್ತಾರೆ. ಆಕಾರ ತಿಳಿಯಲು ಅದು ಚೆನ್ನ, ಮಿಲಿಮೀಟರಿನ ತೀರ್ಮಾನಕ್ಕೆ ನಂಬುವಂಥದ್ದಲ್ಲ.

## ಕತ್ತರಿಸುವಾಗ ಮತ್ತು ಬೆಸೆಯುವಾಗ

ಡೆಂಟರ್ ಎರಡೂ ಸಿಲ್ ಒಟ್ಟಿಗೆ ಕತ್ತರಿಸಿ ಬೇಗ ಮುಗಿಸೋಣ ಎನ್ನುತ್ತಾರೆ. ಒಪ್ಪಬಹುದೇ?

ಒಪ್ಪಬೇಡಿ. ಒಂದು ಪಕ್ಕವನ್ನು ಪೂರ್ತಿ ಬೆಸೆದು, ತಣ್ಣಗಾಗಿ, ಅಳತೆ ತಾಳೆಯಾದ ಮೇಲೆಯೇ ಇನ್ನೊಂದಕ್ಕೆ ಕೈ ಹಾಕಬೇಕು. ಅದಕ್ಕೂ ಮೊದಲು ಬ್ರೇಸ್ ಬೇಕು: 25 ಮಿ.ಮೀ. ಚೌಕ ಕೊಳವೆಯನ್ನು ಪ್ರತಿ ಬಾಗಿಲ ಚೌಕಟ್ಟಿನಲ್ಲಿ ಕಂಬದಿಂದ ಕಂಬಕ್ಕೆ ಒಂದು ಉದ್ದಕ್ಕೆ, ಒಂದು ಓರೆಗೆ, ಮತ್ತು ನಡುಕಂಬದಿಂದ ಎದುರಿನ ನಡುಕಂಬಕ್ಕೆ ಅಡ್ಡಕ್ಕೆ ಹಾಕಿಸಿ. ಬಾಗಿಲ ಕೀಲಿನ ಬೋಲ್ಟು ಮತ್ತು ಸೀಟ್ ಬೋಲ್ಟಿನ ತೂತುಗಳಿಗೆ ಬಿಗಿಯುವಂತೆ ಮಾಡಿಸಿದರೆ ಕಂಬಕ್ಕೆ ವೆಲ್ಡ್ ಬೀಳುವುದಿಲ್ಲ ಮತ್ತು ಬಾಗಿಲು ಕೂರಿಸಿ ನೋಡಬೇಕಾದಾಗ ಬಿಚ್ಚಬಹುದು. ಬ್ರೇಸ್ ಹಾಕಬೇಕಾದದ್ದು ಅಳತೆಯ ನಂತರ, ತಗಡಿಟ್ಟು ಮಟ್ಟ ಮಾಡಿದ ಸ್ಥಿತಿಯಲ್ಲಿ; ಬಗ್ಗಿದ ಗಾಡಿಗೆ ಬ್ರೇಸ್ ಹಾಕಿದರೆ ಬಗ್ಗಿದ್ದೇ ಭದ್ರವಾಗುತ್ತದೆ. ಬಾಡಿಯನ್ನು ಉರುಳಿಸಿ ಕೆಲಸ ಮಾಡುವ ರೊಟಿಸರಿಗೆ ಏರಿಸುವುದಾದರೂ ಇದೇ ಕ್ರಮ, ಏಕೆಂದರೆ ಕೊಳೆತ ಬಾಡಿ ಅದರ ಮೇಲೆ ತನ್ನ ಭಾರಕ್ಕೇ ತಿರುಚಿಕೊಳ್ಳುತ್ತದೆ.

ಅಳೆದಾಗ ನಡು 7 ಮಿಲಿಮೀಟರ್ ಜೋಲಿರುವುದು ಗೊತ್ತಾಯಿತು. ಹಾಗೆಯೇ ಬೆಸೆಯಬಹುದೇ, ಮೊದಲು ಎತ್ತಬೇಕೇ?

ಮೊದಲು ಎತ್ತಬೇಕು, ಆದರೆ ಜೋರಿನಿಂದಲ್ಲ. ಕೊಳೆತ ಸಿಲ್ ಕೆಳಗೆ ಜ್ಯಾಕ್ ಕೊಟ್ಟರೆ ಅದು ಪತ್ರಾದೊಳಗೆ ನುಗ್ಗುತ್ತದೆ. ಗಟ್ಟಿಯಿರುವ ಅಡ್ಡ ಮೆಂಬರುಗಳ ಕೆಳಗೆ ಉದ್ದನೆಯ ಮರದ ತೊಲೆ ಕೊಟ್ಟು, ಎರಡೂ ಪಕ್ಕ ಸಮವಾಗಿ, ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಪ್ರತಿ ಸಲ ಬಾಗಿಲ ಸಂದನ್ನು ನೋಡಿ. ಎತ್ತರ ಸರಿಯಾದಾಗ ಬಾಗಿಲಿನ ಮೇಲು ಕೆಳಗಿನ ಸಂದುಗಳೂ ಸಮವಾಗಬೇಕು. ಎತ್ತರ ಒಂದು ಹೇಳಿ ಬಾಗಿಲು ಇನ್ನೊಂದು ಹೇಳಿದರೆ ನಾನು ಬಾಗಿಲನ್ನು ನಂಬುತ್ತೇನೆ, ಅದರ ಕೀಲುಗಳು ಸವೆದಿಲ್ಲವೆಂದು ಖಚಿತವಿದ್ದರೆ. ಜೋಲು ತುಕ್ಕಿನಿಂದ ಬಂದದ್ದಾದರೆ ಹೆಚ್ಚಾಗಿ ಇಷ್ಟಕ್ಕೇ ಸರಿಹೋಗುತ್ತದೆ. ಅಪಘಾತದಿಂದ ಬಂದ ಬಾಗು ಹೀಗೆ ಬಿಡಿಸಿಕೊಳ್ಳುವುದಿಲ್ಲ. ಅದಕ್ಕೆ ಬಾಡಿಯನ್ನು ಹಿಡಿದು ಎಳೆಯುವ ಬೆಂಚಿರುವ ಗ್ಯಾರೇಜಿಗೇ ಹೋಗಬೇಕು.

ಚಾಸಿ ನಂಬರ್ ಇರುವ ಪತ್ರಾವೇ ತುಕ್ಕು ಹಿಡಿದಿದೆ. ಅದನ್ನೂ ಬದಲಿಸಬಹುದೇ?

ಆರ್‌ಟಿಓವನ್ನು ಬರಹದಲ್ಲಿ ಕೇಳದೆ ಅದನ್ನು ಮುಟ್ಟಬಾರದು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಸೇರಿದ ವಿಂಟೇಜ್ ನೋಂದಣಿಗೆ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಗಳು ಅರ್ಹವಾಗುತ್ತವೆ, ಆದರೆ ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆ ದಾರಿ ಹಿಡಿಯುವವರು ಕತ್ತರಿಸುವ ಮೊದಲಿನ ಫೋಟೋಗಳನ್ನು, ಅಳತೆಯ ಹಾಳೆಯನ್ನು ಜೋಪಾನವಾಗಿ ಇಡಲಿ. ಮೂಲ ಆಕಾರಕ್ಕೇ ರಿಪೇರಿಯಾಗಿದೆ, ಏನೂ ಬದಲಾಗಿಲ್ಲ ಎಂದು ತೋರಿಸಲು ಅದು ಒಳ್ಳೆಯ ದಾಖಲೆ.

ವೆಲ್ಡಿಂಗ್ ಶುರುವಾದ ಮೇಲೆ ಮತ್ತೆ ಯಾವಾಗ ಯಾವಾಗ ಅಳೆಯಬೇಕು? ಬ್ರೇಸ್ ಯಾವಾಗ ತೆಗೆಯಬೇಕು?

ವೆಲ್ಡ್ ತಣ್ಣಗಾಗುವಾಗ ಕುಗ್ಗಿ ಪತ್ರಾವನ್ನು ತನ್ನ ಕಡೆಗೆ ಎಳೆಯುತ್ತದೆ. ಹಾಗಾಗಿ ಹೊಸ ಪತ್ರಾವನ್ನು ಮೊದಲು ದೂರ ದೂರ ಚುಕ್ಕಿ ವೆಲ್ಡಿನಿಂದ ಹಿಡಿಸಿ ಅಳೆಯಿರಿ. ಈ ಹಂತದಲ್ಲಿ ತಪ್ಪು ಕಂಡರೆ ಗ್ರೈಂಡರಿನಿಂದ ಚುಕ್ಕಿಗಳನ್ನು ಕಿತ್ತು ಸರಿಪಡಿಸುವುದು ಸುಲಭ. ಆಮೇಲೆ ಎರಡು ಸೆಂಟಿಮೀಟರ್ ಮೀರದ ತುಂಡುಗಳಾಗಿ, ಒಂದು ತುದಿಯಲ್ಲಿ ಒಂದು ತುಂಡು, ಇನ್ನೊಂದು ತುದಿಯಲ್ಲಿ ಇನ್ನೊಂದು ಎಂಬಂತೆ ಬೆಸೆಯಲಿ. ಸಿಓಟು (ಕಾರ್ಬನ್ ಡೈಆಕ್ಸೈಡ್ ಅನಿಲ ಬಳಸುವ ವಿದ್ಯುತ್) ವೆಲ್ಡಿಂಗಿನಲ್ಲಿ ಇದು ಸುಲಭ. ಗ್ಯಾಸ್ ವೆಲ್ಡಿಂಗಿನ ಶಾಖ ಹೆಚ್ಚು ಹರಡುವುದರಿಂದ ಫ್ಲೋರಿನ ಕೆಲಸಕ್ಕೆ ಅದನ್ನು ನಾನು ಸಲಹೆ ಮಾಡುವುದಿಲ್ಲ. ಪೆಟ್ರೋಲ್ ಟ್ಯಾಂಕು ಹೊರಗಿರಲಿ, ಬ್ಯಾಟರಿ ಬಿಚ್ಚಿರಲಿ. ಪ್ರತಿ ದಿನದ ಕೆಲಸ ಮುಗಿದು, ಮರುದಿನ ಬೆಳಿಗ್ಗೆ ಎಲ್ಲ ತಣ್ಣಗಿರುವಾಗ ನಾಲ್ಕು ಅಳತೆ ನೋಡಿ: ಎರಡು ಕರ್ಣ, ಹಿಂದಿನ ಹ್ಯಾಂಗರ್‌ಗಳ ಎತ್ತರದ ವ್ಯತ್ಯಾಸ, ಆ ಪಕ್ಕದ ಬಾಗಿಲ ಚೌಕಟ್ಟಿನ ಕರ್ಣ.

ಕೆಲಸವನ್ನು ದಸರಾ ಕಳೆದ ಮೇಲೆ ಹಿಡಿಯುವುದು ಒಳ್ಳೆಯದು. ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಂಕಣದ ಹವೆಯಲ್ಲಿ ಬರಿ ಪತ್ರಾ ಒಂದೇ ರಾತ್ರಿಯಲ್ಲಿ ಕೆಂಪಾಗುತ್ತದೆ. ಎರಡೂ ಪಕ್ಕ ಮುಗಿದ ಮೇಲೆ ಬ್ರೇಸ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಪ್ರತಿ ಸಲ ಬಾಗಿಲ ಚೌಕಟ್ಟು ಅಳೆಯಿರಿ. ಒಂದು ಮಿಲಿಮೀಟರ್ ಚಲಿಸಿದರೆ ಸಹಜ. ಮೂರು ಚಲಿಸಿದರೆ ಎಲ್ಲೋ ಒಂದು ಜೋಡಣೆ ಒಳಗಿನ ಪದರಕ್ಕೆ ಹಿಡಿದಿಲ್ಲ, ಬ್ರೇಸ್ ಮತ್ತೆ ಬಿಗಿದು ಅದನ್ನು ಹುಡುಕಬೇಕು. ಬ್ರೇಸ್ ಪೂರ್ತಿ ತೆಗೆದು, ಗಾಡಿಯನ್ನು ಚಕ್ರದ ಮೇಲಿಳಿಸಿ, ಎಂಜಿನ್, ಸೀಟು, ಟ್ಯಾಂಕಿನ ಭಾರ ಮೊದಲಿನಂತೆ ಕೂತ ಮೇಲೆ ಮೊದಲ ದಿನದ ಹಾಳೆಯ ಪಕ್ಕದಲ್ಲೇ ಕೊನೆಯ ಅಳತೆಗಳನ್ನು ಬರೆಯಿರಿ. ಸಿಲ್ಲಿನ ಒಳಗೆ ಮೇಣದ ಲೇಪ ಸಿಂಪಡಿಸಬೇಕಾದದ್ದು ಈ ಅಳತೆ ಆದ ನಂತರ, ಏಕೆಂದರೆ ಲೇಪ ಬಿದ್ದ ಜಾಗದಲ್ಲಿ ಮತ್ತೆ ವೆಲ್ಡ್ ಮಾಡಬೇಕಾಗಿ ಬಂದರೆ ಅದು ಬೆಂಕಿ ಹಿಡಿಯುತ್ತದೆ.